ಬೆಳೆ ಕುಡಿದ ನೀರಿನ ಲೆಕ್ಕ

ಮುಂಗಾರು ಕಾಲಿಟ್ಟೊಡನೆ ನಮ್ಮ ಪತ್ರಿಕೆಗಳ ಒಂದು ಮೂಲೆಯಲ್ಲಿ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವುಗಳ ಪಟ್ಟಿಯೊಂದು ಪ್ರತಿದಿನವೂ ಅಚ್ಚಾಗತೊಡಗುತ್ತದೆ. ಕನ್ನಂಬಾಡಿಯಲ್ಲಿ ಎಷ್ಟು ಅಡಿ ನೀರು ನಿಂತಿತು, ತುಂಗಭದ್ರೆಗೆ ಎಷ್ಟು ಕ್ಯುಸೆಕ್ ಬಂದಿತು ಎಂಬುದನ್ನು ಹೊಲಗದ್ದೆಗಳ ಸಂಬಂಧವೇ ಇಲ್ಲದ ನಗರವಾಸಿಗಳೂ ಆಸ್ಥೆಯಿಂದ ಓದುತ್ತಾರೆ. ಕಾವೇರಿಯ ವಿಷಯದಲ್ಲಂತೂ ಬಿಳಿಗುಂಡ್ಲುವಿನ ಮಾಪನ ಕೇಂದ್ರದಲ್ಲಿ ದಾಖಲಾಗುವ ಅಂಕಿಯೊಂದು ಎರಡು ರಾಜ್ಯಗಳ ಜನಮನವನ್ನು ಕಲಕಬಲ್ಲದು. ಆದರೆ ಹೀಗೆ ಅಣೆಕಟ್ಟೆಯಿಂದ ಹೊರಬಿದ್ದು, ಕಾಲುವೆ, ಉಪಕಾಲುವೆ, ಹೊಲಗಾಲುವೆಗಳನ್ನು ಹಾದು, ಕೊನೆಗೆ ಪೈರಿನ ಬುಡವನ್ನು ಮುಟ್ಟಿದ ನೀರಿನಲ್ಲಿ ಪೈರು ಹೀರಿದ್ದೆಷ್ಟು, ಬಸಿದು ಹಳ್ಳಕ್ಕೆ ಸೇರಿದ್ದೆಷ್ಟು, ಯಾರ ಹೊಲಕ್ಕೆ ಮಿಗಿಲಾಗಿ ಸಂದು ಯಾರ ಹೊಲಕ್ಕೆ ಸಲ್ಲದೇ ಹೋಯಿತು ಎಂಬ ಪ್ರಶ್ನೆಗಳಿಗೆ ಆ ಪಟ್ಟಿಯಲ್ಲಾಗಲಿ, ನೀರಾವರಿ ಇಲಾಖೆಯ ದಫ್ತರಗಳಲ್ಲಾಗಲಿ ತೃಪ್ತಿಕರವಾದ ಉತ್ತರ ದೊರೆಯದು. ಬಾಗಿಲಲ್ಲಿ ಅಳೆಯುತ್ತೇವೆ, ಬಳಕೆಯಾಗುವಲ್ಲಿ ಅಳೆಯುವುದಿಲ್ಲ. ರಾಜ್ಯದ ನೀರಿನ ಬಹುಪಾಲು ಕೃಷಿಗೇ ವಿನಿಯೋಗವಾಗುತ್ತಿರುವಾಗ ಈ ಅಜ್ಞಾನವನ್ನು ಸಣ್ಣ ನ್ಯೂನತೆಯೆಂದು ಕಡೆಗಣಿಸುವಂತಿಲ್ಲ.

ಈ ಕೊರತೆಯನ್ನು ತುಂಬಬಲ್ಲ ಸಾಧನವು ಈಗ ಮನುಷ್ಯನ ಕೈಸೇರಿದೆ; ಅದು ಉಪಗ್ರಹಚಿತ್ರಗಳ ಆಧಾರದಿಂದ ರಚಿತವಾಗುವ ನೀರಿನ ನಕ್ಷೆ. ಅದರ ತತ್ತ್ವ ಗಹನವಾದುದಲ್ಲ. ಗಿಡವು ಬೇರಿನಿಂದ ಎಳೆದುಕೊಂಡ ನೀರಿನಲ್ಲಿ ಬಹುಭಾಗವನ್ನು ಎಲೆಯ ಸೂಕ್ಷ್ಮರಂಧ್ರಗಳ ಮೂಲಕ ಆವಿಯಾಗಿ ಹೊರಗೆಡಹುತ್ತದೆ. ಸುತ್ತಲಿನ ಒದ್ದೆ ಮಣ್ಣಿನಿಂದಲೂ ಆವಿಯೇಳುತ್ತದೆ. ಹೀಗೆ ಆವಿಯಾಗಲು ಪ್ರತಿಯೊಂದು ಲೀಟರ್ ನೀರಿಗೂ ಸುಮಾರು 2.45 ಮೆಗಾಜೂಲಿನಷ್ಟು ಶಾಖ ಬೇಕು. ಆ ಶಾಖವು ಬಿಸಿಲಿನಿಂದಲೇ ಬರಬೇಕಾದುದರಿಂದ, ನೀರು ಕುಡಿಯುತ್ತಿರುವ ಹೊಲವು ಪಕ್ಕದ ಒಣಹೊಲಕ್ಕಿಂತ ತಂಪಾಗಿರುತ್ತದೆ, ಬೇಸಗೆಯಲ್ಲಿ ಮೈ ಬೆವರಿದ ಮಣ್ಣಿನ ಹೂಜಿ ತಂಪಾಗಿರುವಂತೆಯೇ. ಆಕಾಶದಿಂದ ನೆಲದ ಉಷ್ಣತೆಯನ್ನು ಅಳೆದು, ನೆಲಕ್ಕೆ ಬಿದ್ದ ಬಿಸಿಲಿನಲ್ಲಿ ಮಣ್ಣನ್ನು ಕಾಯಿಸಲು ಹೋದದ್ದೆಷ್ಟು, ಗಾಳಿಯನ್ನು ಕಾಯಿಸಲು ಹೋದದ್ದೆಷ್ಟು ಎಂದು ಗಣಿಸಿ ಕಳೆದರೆ, ಉಳಿದದ್ದು ನೀರನ್ನು ಆವಿಮಾಡಲು ವ್ಯಯವಾದ ಶಕ್ತಿ. ಅದರಿಂದ ಆವಿಯಾದ ನೀರಿನ ಪ್ರಮಾಣವು ಲೆಕ್ಕಕ್ಕೆ ದೊರೆಯುತ್ತದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ದಪ್ಪದ ನೀರೆಂದರೆ ಸುಮಾರು 4,000 ಲೀಟರ್. ಒಳ್ಳೆಯ ಬಿಸಿಲಿನ ದಿನದಲ್ಲಿ ತುಂಬಿ ಬೆಳೆದ ಭತ್ತದ ಗದ್ದೆಯು 5 ಮಿಲಿಮೀಟರಿನಷ್ಟನ್ನು ಆವಿಯಾಗಿಸಿತೆಂದರೆ, ಎಕರೆಗೆ 20,000 ಲೀಟರ್ ನೀರು ಅದೊಂದೇ ದಿನದಲ್ಲಿ ಆಕಾಶಕ್ಕೆ ಸಂದಿತೆಂದಾಯಿತು. ಕಾಲುವೆಯಲ್ಲಿ ಹರಿದದ್ದು ಮತ್ತೆ ಹಳ್ಳದಲ್ಲಿ ಕಾಣಿಸಿಕೊಂಡೀತು, ಬಾವಿಯಲ್ಲಿ ಒಸರೀತು. ಆವಿಯಾಗಿ ಹೋದದ್ದು ಮಾತ್ರ ಆ ಕಣಿವೆಯ ಪಾಲಿಗೆ ಹೋದದ್ದೇ ಸರಿ. ಆದಕಾರಣ ನಿಜವಾದ ಖರ್ಚೆಂದು ಬರೆಯತಕ್ಕದ್ದು ಅದನ್ನೇ.

ಈ ಗಣನೆಯ ಕ್ರಮವೊಂದನ್ನು ನೆದರ್ಲೆಂಡ್ಸ್ ದೇಶದ ವಿಮ್ ಬಾಸ್ಟಿಯಾನ್ಸೆನ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ರೂಪಿಸಿದರು. ಅಮೆರಿಕದ ಐಡಹೊ ರಾಜ್ಯದಲ್ಲಿ ರಿಚರ್ಡ್ ಅಲೆನ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಪರಿಷ್ಕರಿಸಿ, ಸ್ನೇಕ್ ನದಿಯ ಬಯಲಿನ ಹೊಲಗಳಿಗೆ ಅನ್ವಯಿಸಿದರು. ಆ ರಾಜ್ಯದ ಜಲಸಂಪನ್ಮೂಲ ಇಲಾಖೆಯು ನೀರಿನ ಹಕ್ಕಿನ ವ್ಯಾಜ್ಯಗಳಲ್ಲಿ ಈ ನಕ್ಷೆಗಳನ್ನೇ ಆಧಾರವಾಗಿ ಬಳಸತೊಡಗಿ, 2009ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ಪುರಸ್ಕಾರವನ್ನೂ ಪಡೆಯಿತು. ಇದರ ಹಿಂದೆ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ದೀರ್ಘ ಪರಂಪರೆಯಿದೆ. ಅವುಗಳಲ್ಲಿ ಮೊದಲನೆಯದು ಗಗನಕ್ಕೇರಿದ್ದು 1972ರಲ್ಲಿ. 2008ರಿಂದೀಚೆಗೆ ಅವುಗಳ ಚಿತ್ರಸಂಗ್ರಹವು ಜಗತ್ತಿನ ಯಾರಿಗೇ ಆಗಲಿ ಉಚಿತ. ಈ ಶತಮಾನದ ಮೊದಲ ದಶಕದಲ್ಲಿ, ವೆಚ್ಚ ತಗ್ಗಿಸುವ ಉದ್ದೇಶದಿಂದ, ಮುಂದಿನ ಉಪಗ್ರಹದಲ್ಲಿ ಉಷ್ಣತೆಯನ್ನಳೆಯುವ ಉಪಕರಣವೇ ಬೇಡವೆಂದು ಯೋಜಕರು ನಿಶ್ಚಯಿಸಿದ್ದರು. ಆಗ ಅದನ್ನು ಪ್ರತಿಭಟಿಸಿ ಉಳಿಸಿಕೊಂಡವರಲ್ಲಿ ಅಗ್ರಗಣ್ಯರಾದವರು ಅಮೆರಿಕದ ಪಶ್ಚಿಮ ರಾಜ್ಯಗಳ ನೀರಾವರಿ ಅಧಿಕಾರಿಗಳು. ಅವರ ಆಗ್ರಹದ ಫಲವಾಗಿಯೇ 2013ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್ 8 ಆ ಉಪಕರಣವನ್ನು ಹೊತ್ತು ನಡೆಯಿತು. ಕಾಲುವೆಯ ಕೆಲಸದಲ್ಲಿ ತಲೆ ನರೆತ ಅಧಿಕಾರಿಗಳು ಉಪಗ್ರಹದ ವಿನ್ಯಾಸವನ್ನೇ ತಿದ್ದಿಸಿದರೆಂಬುದು ನನ್ನ ದೃಷ್ಟಿಯಲ್ಲಿ ಈ ಕಥೆಯ ಅತ್ಯಂತ ಗೌರವಾರ್ಹವಾದ ಭಾಗ. ಅನಂತರ 2021ರ ಅಕ್ಟೋಬರಿನಲ್ಲಿ ಓಪನ್‌ಇಟಿ ಎಂಬ ಸಾರ್ವಜನಿಕ ವ್ಯವಸ್ಥೆಯು ಆರಂಭವಾಗಿ, ಪಶ್ಚಿಮದ 17 ರಾಜ್ಯಗಳ ಯಾವ ರೈತನೇ ಆಗಲಿ ತನ್ನ ಹೊಲದ, ಅಂತೆಯೇ ನೆರೆಯವನ ಹೊಲದ ನೀರಿನ ಬಳಕೆಯನ್ನು ಹಣ ತೆರದೆ ನೋಡುವಂತಾಯಿತು. ಕ್ಯಾಲಿಫೋರ್ನಿಯದ ಡೆಲ್ಟಾ ಪ್ರದೇಶದಲ್ಲಿ ಮೀಟರ್ ಕೂರಿಸುವ ಬದಲು ಈ ಅಂಕಿಗಳನ್ನೇ ಸರ್ಕಾರಕ್ಕೆ ವರದಿಯಾಗಿ ಒಪ್ಪಿಸಲು ರೈತರಿಗೆ ಅನುಮತಿಯುಂಟು.

ಇಷ್ಟನ್ನು ಹೇಳಿ, ನಮ್ಮಲ್ಲಿ ಇದರ ಅವಶ್ಯಕತೆ ಎಲ್ಲಿ ತೀವ್ರವಾಗಿದೆಯೆಂದು ಕೇಳಿಕೊಂಡರೆ, ನನ್ನ ಮನಸ್ಸು ಮೊದಲು ಹೋಗುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕಡೆಗೆ. 1953ರಲ್ಲಿ ನೀರು ತುಂಬಿಕೊಂಡ ಆ ಜಲಾಶಯದಿಂದ ಹೊರಟು, 227 ಕಿಲೋಮೀಟರ್ ಹರಿದು, ಕೊಪ್ಪಳ ರಾಯಚೂರು ಜಿಲ್ಲೆಗಳ ಸುಮಾರು 6 ಲಕ್ಷ ಎಕರೆಗೆ ನೀರುಣಿಸತಕ್ಕ ಕಾಲುವೆ ಅದು. ಅದನ್ನು ಯೋಜಿಸಿದವರ ಸಂಕಲ್ಪವು ಬರಗಾಲದ ಸೀಮೆಯ ಆದಷ್ಟೂ ಹೆಚ್ಚು ಹೊಲಗಳಿಗೆ ಹದವಾಗಿ ನೀರು ಹಂಚುವುದಾಗಿತ್ತು. ಜೋಳ, ಹತ್ತಿಗಳಂಥ ಮಿತನೀರಾವರಿ ಬೆಳೆಗಳಿಗೆ ಹೆಚ್ಚಿನ ಭಾಗವನ್ನು ಮೀಸಲಿಟ್ಟು, ಯಾವ ಸರ್ವೆ ನಂಬರಿಗೆ ಯಾವ ಬೆಳೆಯೆಂಬುದನ್ನೂ ಮೊದಲೇ ಗೊತ್ತುಮಾಡಿದ್ದರು. ಆದದ್ದು ಬೇರೆ. ನೀರು ಮೊದಲು ಮುಟ್ಟುವ ಗಂಗಾವತಿ, ಸಿಂಧನೂರುಗಳ ಕಡೆ ಭತ್ತವು ಹಬ್ಬಿಕೊಂಡಿತು; ಮಾನ್ವಿ, ರಾಯಚೂರುಗಳ ಕೊನೆಭಾಗದ ಹೊಲಗಳು ಕಾಗದದ ಮೇಲೆ ಅಚ್ಚುಕಟ್ಟಿಗೆ ಸೇರಿಯೂ ಬಿತ್ತಿದ ಪೈರಿಗೆ ನೀರಿಲ್ಲದೆ ಒಣಗುವ ದುಃಸ್ಥಿತಿಗೆ ಬಂದವು. ಭತ್ತ ನೆಟ್ಟವನನ್ನು ಇದಕ್ಕಾಗಿ ಅಪರಾಧಿಯೆನ್ನಲಾಗದು; ಕೊಳ್ಳುವ ಮಿಲ್ಲು ಹತ್ತಿರದಲ್ಲಿದ್ದು, ಬೆಂಬಲ ಬೆಲೆಯ ಆಸರೆಯೂ ಇದ್ದು, ನೀರು ಮನೆಬಾಗಿಲಲ್ಲೇ ಹರಿಯುತ್ತಿರುವಾಗ ಜೋಳ ಬಿತ್ತೆಂದು ಅವನಿಗೆ ಉಪದೇಶಿಸುವುದು ಸುಲಭವಲ್ಲ. ಆದರೆ ಕೊನೆಭಾಗದವನು ಪ್ರತಿವರ್ಷ ತೆರುತ್ತಿರುವ ಬೆಲೆಯನ್ನು ಯಾರೂ ಅಂಕಿಯಲ್ಲಿ ಬರೆದಿಟ್ಟಿಲ್ಲವೆಂಬುದೇ ಅವನ ದುರ್ಬಲತೆಗೆ ಮೂಲ.

ಅಲ್ಲಿಯ ರೈತರ ಹೋರಾಟವೆಲ್ಲವೂ ಒಂದು ಮಾತಿನ ಸುತ್ತ ತಿರುಗುತ್ತದೆ: ಗೇಜ್. 69ನೇ ಮೈಲಿಯಲ್ಲಿ ಇಷ್ಟು ಅಡಿ ಗೇಜ್ ಕಾಪಾಡಬೇಕು, 104ನೇ ಮೈಲಿಯಲ್ಲಿ ಇಷ್ಟು ಅಡಿ ಕೊಡಬೇಕು ಎಂದು ಅವರು ರಸ್ತೆಗಿಳಿಯುತ್ತಾರೆ, ಕಚೇರಿಗೆ ಮುತ್ತಿಗೆ ಹಾಕುತ್ತಾರೆ. ಗೇಜ್ ಎಂದರೇನೆಂದು ಹತ್ತಿರ ಹೋಗಿ ನೋಡಿದವರು ಬಲ್ಲರು: ಕಾಲುವೆಯ ಕಲ್ಲುಗೋಡೆಗೆ ಜೋಡಿಸಿದ, ಅಡಿ ಅಂಗುಲಗಳ ಗೆರೆಯೆಳೆದ ಒಂದು ಪಟ್ಟಿ, ಅದರ ಕೆಳಗಿನ ಅಂಕಿಗಳನ್ನು ಪಾಚಿ ಮುಚ್ಚಿರುತ್ತದೆ, ಮೇಲಿನವು ಬಿಸಿಲಿಗೆ ಮಾಸಿರುತ್ತವೆ, ನೀರು ತೆರೆಯಾಗಿ ಬಡಿಯುವಾಗ ಓದುವವನ ಕಣ್ಣು ಎರಡು ಗೆರೆಗಳ ನಡುವೆ ತಡವರಿಸುತ್ತದೆ. ಹಗಲು ಸರಿಯಾಗಿದ್ದ ಗೇಜ್ ರಾತ್ರಿ ಇಳಿದುಬಿಟ್ಟಿರುತ್ತದೆ, ಏಕೆಂದರೆ ಮೇಲ್ಭಾಗದಲ್ಲಿ ಕತ್ತಲಾದ ಮೇಲೆ ಯಾರೋ ತೂಬನ್ನೆತ್ತಿರುತ್ತಾರೆ ಅಥವಾ ಕಾಲುವೆಗೆ ಪಂಪ್‌ಸೆಟ್ಟಿನ ಪೈಪು ಇಳಿಬಿಟ್ಟಿರುತ್ತಾರೆ. ಆದಕಾರಣ ಕೊನೆಭಾಗದ ಹಳ್ಳಿಗಳವರು ಪಾಳಿಯ ಮೇಲೆ ಬ್ಯಾಟರಿ ಹಿಡಿದು ಕಾಲುವೆಯ ಏರಿಯ ಮೇಲೆ ರಾತ್ರಿ ಕಾಯುತ್ತಾರೆ. ಕಾಲುವೆಗಳಿಂದ ಅಕ್ರಮವಾಗಿ ನೀರೆತ್ತುವುದನ್ನು ತಡೆಯಲು 1965ರ ಕರ್ನಾಟಕ ನೀರಾವರಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿಯೇನೋ ಆಗಿದೆ. ಕಾನೂನು ಬೇಕು, ಆದರೆ ಕಾನೂನಿಗೆ ಸಾಕ್ಷ್ಯ ಬೇಕು, ಮತ್ತು ಆ ಸಾಕ್ಷ್ಯವು ರಾತ್ರಿ ಕಾದವನ ಬಾಯಿಮಾತಾಗಿದ್ದರೆ ಸಭೆಯಲ್ಲಿ ಅದಕ್ಕೆ ಬೆಲೆ ಸಿಗುವುದು ದುರ್ಲಭ.

ಇಲ್ಲಿ ನಕ್ಷೆಯು ಮಾಡಬಲ್ಲ ಉಪಕಾರ ಅಪಾರ. ಒಂದೊಂದು ಉಪಕಾಲುವೆಯ ಅಡಿಯಲ್ಲಿ ಇಡೀ ಹಂಗಾಮಿನಲ್ಲಿ ಬೆಳೆಗಳು ಎಷ್ಟು ನೀರನ್ನು ಆವಿಯಾಗಿಸಿದವು, ಯಾವ ವಾರದಲ್ಲಿ ಯಾವ ಭಾಗದ ಪೈರು ಬಾಯಾರಿತು ಎಂಬುದನ್ನು ಅದು ಬಣ್ಣಬಣ್ಣವಾಗಿ ಬರೆದು ತೋರಿಸುತ್ತದೆ. ರಾತ್ರಿಯಲ್ಲಿ ತಿರುಗಿಸಿಕೊಂಡ ನೀರಿನಲ್ಲಿ ಪೈರು ಹೀರಿದ್ದೂ ಮುಂದಿನ ದಿನಗಳ ಬಿಸಿಲಿನಲ್ಲಿ ಆವಿಯಾಗಲೇಬೇಕಷ್ಟೆ. ಇದು ನಮ್ಮ ನಾಡಿಗೆ ಅಪರಿಚಿತವಾದ ವಿದ್ಯೆಯೂ ಅಲ್ಲ. ಭದ್ರಾ ಅಚ್ಚುಕಟ್ಟಿನಲ್ಲಿ ಉಪಗ್ರಹಚಿತ್ರಗಳ ಸಹಾಯದಿಂದ ಭತ್ತದ ವಿಸ್ತೀರ್ಣವನ್ನೂ ಇಳುವರಿಯನ್ನೂ ಅಂದಾಜಿಸಿ, ನೀರಾವರಿ ವ್ಯವಸ್ಥೆಯ ಗುಣದೋಷಗಳನ್ನು ಪರಿಶೀಲಿಸಿದ ಅಧ್ಯಯನವೊಂದನ್ನು ಅಂತರರಾಷ್ಟ್ರೀಯ ನೀರಾವರಿ ನಿರ್ವಹಣಾ ಸಂಸ್ಥೆಯು 1997ರಲ್ಲೇ ಪ್ರಕಟಿಸಿತ್ತು. ಅಂದಿನಿಂದೀಚೆಗೆ ನಮ್ಮ ಬಳಿ ಸೇರಿರುವ ಸಾಮಗ್ರಿಯಾದರೂ ಕಡಮೆಯೇ? ಪಹಣಿಗಳು ಭೂಮಿ ಯೋಜನೆಯಲ್ಲಿ ಗಣಕಕ್ಕೇರಿ ಎರಡು ದಶಕಗಳು ಸಂದವು. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪಿನಲ್ಲಿ ನಿಂತ ನೆಲದ ಸರ್ವೆ ನಂಬರು ಕೈಯಲ್ಲೇ ಕಾಣುತ್ತದೆ. ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ರೈತನು ತಾನೇ ತನ್ನ ಹೊಲದ ಬೆಳೆಯ ಚಿತ್ರ ತೆಗೆದು ಏರಿಸುತ್ತಾನೆ. ನೆಲದ ಗಡಿ ಗೊತ್ತು, ಬೆಳೆ ಗೊತ್ತು. ಅದರ ಮೇಲೆ ನೀರಿನ ಪದರವೊಂದನ್ನು ಹಾಸುವುದಷ್ಟೇ ಉಳಿದಿರುವ ಕೆಲಸ. 2023ರ ಜನವರಿಯಲ್ಲಿ ಕೊಡೇಕಲ್ಲಿನಲ್ಲಿ ಲೋಕಾರ್ಪಣೆಯಾದ ನಾರಾಯಣಪುರ ಎಡದಂಡೆ ಕಾಲುವೆಯ ನವೀಕರಣಕ್ಕೆ ಸುಮಾರು 4,700 ಕೋಟಿ ರೂಪಾಯಿ ವೆಚ್ಚವಾಗಿದೆ. ಅಲ್ಲಿ ಗೇಟುಗಳನ್ನು ದೂರದಿಂದಲೇ ನಿಯಂತ್ರಿಸುವ ವ್ಯವಸ್ಥೆಯೂ ಬಂದಿದೆ, ಅದು ಸ್ತುತ್ಯವೇ. ಆದರೆ ಗೇಟು ಹೇಳುವುದು ತನ್ನನ್ನು ದಾಟಿದ ನೀರಿನ ಮಾತನ್ನು ಮಾತ್ರ. ದಾಟಿದ್ದನ್ನೂ ಆವಿಯಾದದ್ದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ಸೋರಿಕೆಯೂ ಅನ್ಯಾಯವೂ ಬೇರೆಬೇರೆಯಾಗಿ ಗೋಚರವಾದಾವು.

ಇಷ್ಟೆಲ್ಲ ಪ್ರಯೋಜನವನ್ನು ಒಪ್ಪಿಯೂ ನನ್ನನ್ನು ಕಾಡುವ ಆತಂಕವೊಂದಿದೆ. ಈ ಲೇಖನವನ್ನು ಬರೆಯಲು ಮುಖ್ಯ ಕಾರಣವೂ ಅದೇ. ಇಂಥ ಸಾಧನವು ಸರ್ಕಾರದ ಕೈಗೆ ಬಂದೊಡನೆ ಅದನ್ನು ಮೊದಲು ಪ್ರಯೋಗಿಸಬೇಕೆನಿಸುವುದು ಒಬ್ಬೊಬ್ಬ ರೈತನ ಮೇಲೆ: ಇವನು ಹೆಚ್ಚು ಬಳಸಿದ, ಇವನಿಗೆ ದಂಡ ಹಾಕು, ಇವನ ಸೌಲಭ್ಯವನ್ನು ನಿಲ್ಲಿಸು ಎಂಬಂತೆ. ಇದು ನ್ಯಾಯವೂ ಅಲ್ಲ, ಶಾಸ್ತ್ರಸಮ್ಮತವೂ ಅಲ್ಲ. ಲ್ಯಾಂಡ್‌ಸ್ಯಾಟಿನ ಬಣ್ಣದ ಚಿತ್ರದಲ್ಲಿ ಒಂದು ಚೌಕವು 30 ಮೀಟರ್ ಉದ್ದಗಲದ್ದು, ಎಂದರೆ ಹೆಚ್ಚುಕಡಿಮೆ 9 ಗುಂಟೆ. ಉಷ್ಣತೆಯ ಚಿತ್ರದಲ್ಲಾದರೋ ಒಂದು ಚೌಕವು 100 ಮೀಟರಿನದು, ಎಂದರೆ ಸುಮಾರು ಎರಡೂವರೆ ಎಕರೆ. ಐಡಹೊದ ನೂರಾರು ಎಕರೆಯ ಹೊಲಕ್ಕೆ ಇದು ಧಾರಾಳವಾಗಿ ಸಾಲುತ್ತದೆ. ಸರಾಸರಿ ಹಿಡುವಳಿ 1.36 ಹೆಕ್ಟೇರ್ ಎಂದು 2015-16ರ ಕೃಷಿ ಗಣತಿ ತಿಳಿಸಿದ ಕರ್ನಾಟಕದಲ್ಲಿ, ಬದುವಿನ ಈಚೆಗೆ ತೊಗರಿ ಆಚೆಗೆ ಭತ್ತವಿರುವೆಡೆ, ಒಂದೇ ಚೌಕದಲ್ಲಿ ಅಣ್ಣತಮ್ಮಂದಿರ ಹೊಲಗಳೆರಡೂ ಬೆರೆತುಹೋಗುತ್ತವೆ. ಇಂಥ ಬೆರಕೆಯ ಅಂಕಿಯನ್ನು ಹಿಡಿದು ಎರಡೆಕರೆಯ ಒಡೆಯನಿಗೆ ನೋಟೀಸು ಕಳಿಸುವುದು ಘೋರ ಪ್ರಮಾದವಾದೀತು. ಪಹಣಿಯಲ್ಲಿ ಹೆಸರಿರುವವನೊಬ್ಬ, ಲಾವಣಿಗೆ ಹಿಡಿದು ಉಳುವವನು ಮತ್ತೊಬ್ಬನಿರುವುದು ತುಂಗಭದ್ರಾ ಸೀಮೆಯಲ್ಲಿ ಸರ್ವಸಾಮಾನ್ಯ. ದಂಡ ಬಂದರೆ ಕಟ್ಟುವವನು ಉಳುವವನೇ, ಬೆಳೆ ಪರಿಹಾರ ಬಂದರೆ ಪಡೆಯುವವನು ಪಹಣಿಯವನು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಈ ನಕ್ಷೆಯು ಮೊದಲು ಅಳೆಯತಕ್ಕದ್ದು ಕಾಲುವೆಯನ್ನು, ಎಂದರೆ ಸರ್ಕಾರ ತಾನು ಕೊಟ್ಟ ಮಾತನ್ನು ಎಷ್ಟರಮಟ್ಟಿಗೆ ನಡೆಸಿಕೊಟ್ಟಿತೆಂಬುದನ್ನು, ರೈತನನ್ನಲ್ಲ. ಸಾವಿರಾರು ಎಕರೆಯ ಉಪಕಾಲುವೆಯ ಮಟ್ಟದಲ್ಲಿ ಚೌಕಗಳ ತಪ್ಪುಗಳು ಬಹುಮಟ್ಟಿಗೆ ಒಂದನ್ನೊಂದು ಸರಿದೂಗಿಸಿಕೊಂಡು, ಅಂಕಿಯು ನಂಬಿಕೆಗೆ ಅರ್ಹವಾಗುತ್ತದೆ. ಮೇಲ್ಭಾಗಕ್ಕೂ ಕೊನೆಭಾಗಕ್ಕೂ ನಡುವಣ ತಾರತಮ್ಯವು ಆ ಮಟ್ಟದಲ್ಲೇ ಇರುವುದರಿಂದ, ಅದನ್ನು ಕಾಣಲು ಒಬ್ಬನ ಹೊಲದೊಳಕ್ಕೆ ಇಣುಕುವ ಅಗತ್ಯವೇ ಬೀಳದು. ಜೊತೆಗೆ, ಹಾಗೆ ಕಂಡದ್ದು ಇಂಜಿನಿಯರರ ಕೋಣೆಯಲ್ಲಿ ಉಳಿಯಕೂಡದು. ನೀರು ಬಳಕೆದಾರರ ಸಹಕಾರ ಸಂಘಗಳನ್ನು ನಾವು ಕಾನೂನಿನಿಂದ ಹುಟ್ಟಿಸಿ, ಅವುಗಳಿಗೆ ಕೆಲಸವನ್ನೂ ಮಾಹಿತಿಯನ್ನೂ ಕೊಡದೆ ಸೊರಗಿಸಿದ್ದೇವೆ. ನಕ್ಷೆ ಮೊದಲು ತಲುಪಬೇಕಾದುದು ಅವುಗಳ ಕಚೇರಿಯ ಗೋಡೆಗೆ, ಕನ್ನಡದಲ್ಲಿ, ಎಕರೆ ಗುಂಟೆಗಳ ಲೆಕ್ಕದಲ್ಲಿ. ಸ್ಪೇನ್ ದೇಶದ ಅಲ್ಬಸೆಟೆಯ ಬಯಲಿನಲ್ಲಿ, ಪೂರ್ವ ಲಾಮಾಂಚದ ಅಂತರ್ಜಲವನ್ನು ನಂಬಿ ಸುಮಾರು 1 ಲಕ್ಷ ಹೆಕ್ಟೇರ್ ಬೇಸಾಯ ಮಾಡುವ ರೈತರು 1990ರ ದಶಕದಲ್ಲಿ ತಮ್ಮದೇ ಆದ ಮಂಡಲಿಯೊಂದನ್ನು ಕಟ್ಟಿಕೊಂಡು, ವಿಶ್ವವಿದ್ಯಾನಿಲಯದ ವಿದ್ವಾಂಸರ ನೆರವಿನಿಂದ ಉಪಗ್ರಹಚಿತ್ರಗಳನ್ನು ತರಿಸಿ, ತಮ್ಮ ಸದಸ್ಯರ ನೀರಾವರಿಯನ್ನು ತಾವೇ ಪರಿಶೀಲಿಸುತ್ತ ಬಂದಿದ್ದಾರೆ. ಅಲ್ಲಿ ನಕ್ಷೆ ಹಿಡಿದವರೂ ಬೇಸಾಯಗಾರರೇ ಆದುದರಿಂದ ಅದರ ಮಾತಿಗೆ ಮನ್ನಣೆ ದೊರೆತಿದೆ. ಕೆರೆಯ ತೂಬಿನ ಬಳಿ ನಿಂತು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಊರವರ ಒಪ್ಪಿಗೆಯಿಂದ ನಿರ್ಧರಿಸುತ್ತಿದ್ದ ನೀರಗಂಟಿಯನ್ನು ಕಂಡ ಮೈಸೂರು ಸೀಮೆಯ ಹಳ್ಳಿಗಳಿಗೆ ಇದು ಹೊಸದೆನಿಸಲಾರದು.

ನಕ್ಷೆಯು ಬಿಡಿಸಿ ಹೇಳಬೇಕಾದ ಭ್ರಮೆಯೊಂದೂ ಉಂಟು. ಹನಿ ನೀರಾವರಿ ಬಂದರೆ ನೀರುಳಿಯುತ್ತದೆಂದು ನಾವೆಲ್ಲರೂ ನಂಬಿದ್ದೇವೆ, ಸರ್ಕಾರವು ಸಹಾಯಧನವನ್ನೂ ನೀಡುತ್ತಿದೆ. ಒಂದು ಹೊಲದ ಮಟ್ಟಿಗೆ ಅದು ದಿಟ. ಆದರೆ ಗದ್ದೆಯಿಂದ ಬಸಿದದ್ದು ವ್ಯರ್ಥವೆಂದು ನಾವು ಎಣಿಸಿದ ನೀರು, ಹಳ್ಳಕ್ಕಿಳಿದು, ಕೆಳಗಿನ ಊರಿನವನ ಪಂಪ್‌ಸೆಟ್ಟಿಗೆ ಆಹಾರವಾಗಿದ್ದೀತು; ಮೇಲಿನವನು ಹನಿ ಹಾಕಿ ಮಿಕ್ಕ ನೀರಿನಲ್ಲಿ ಇನ್ನೆರಡೆಕರೆ ಕಬ್ಬು ನೆಟ್ಟನೆಂದರೆ, ಹೊಲದಲ್ಲಿ ಉಳಿತಾಯವೂ ಕಣಿವೆಯಲ್ಲಿ ಹೆಚ್ಚುವರಿ ಖರ್ಚೂ ಏಕಕಾಲದಲ್ಲಿ ನಡೆದುವೆಂದಾಯಿತು. ಜಗತ್ತಿನ ಹಲವು ನದೀಕಣಿವೆಗಳಲ್ಲಿ ಹೀಗಾದುದನ್ನು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಆವಿಯಾದ ನೀರನ್ನು ಅಳೆಯದ ಹೊರತು ಈ ವ್ಯತ್ಯಾಸವು ಯಾರ ಕಣ್ಣಿಗೂ ಬೀಳದು. ಮತ್ತೊಂದು ಕಡೆ, ತಲೆಭಾಗದ ಗದ್ದೆಗಳಲ್ಲಿ ಅತಿಯಾಗಿ ನಿಂತ ನೀರು ನೆಲವನ್ನು ಸವಳು-ಜವಳು ಮಾಡಿ ಇಳುವರಿಯನ್ನು ಕುಗ್ಗಿಸುತ್ತಿರುವುದನ್ನೂ ಅದೇ ನಕ್ಷೆ ವರ್ಷದಿಂದ ವರ್ಷಕ್ಕೆ ಹೋಲಿಸಿ ತೋರಿಸಬಲ್ಲದು. ಮಿತಿಯಲ್ಲಿ ಬಳಸುವುದು ಕೆಳಗಿನವನ ಹಿತಕ್ಕಷ್ಟೇ ಅಲ್ಲದೆ ಮೇಲಿನವನ ಸ್ವಂತ ಹಿತಕ್ಕೂ ಅವಶ್ಯವೆಂದು ಮನಗಾಣಿಸಲು ಇದಕ್ಕಿಂತ ಸೌಮ್ಯವಾದ ಮಾರ್ಗ ನನಗೆ ತೋರುತ್ತಿಲ್ಲ.

ಕೊಳವೆಬಾವಿಯ ಸೀಮೆಗಳ ಮಾತು ಸಂಕ್ಷೇಪದಲ್ಲಿ ಹೇಳತಕ್ಕದ್ದು. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಕೊಳವೆಬಾವಿಗಳು ಸಾವಿರ ಅಡಿಯಾಚೆಗೂ ಇಳಿದಿವೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಬಹುಪಾಲು ಪಂಪ್‌ಸೆಟ್ಟುಗಳಿಗೆ ಮೀಟರಿಲ್ಲ, ಮೀಟರಿನ ಮಾತೆತ್ತಿದರೆ ರೈತನಿಗೆ ಬಿಲ್ಲಿನ ಭಯ. ಅಲ್ಲಿ ಊರೊಂದರ ಒಟ್ಟು ಬಳಕೆಯನ್ನು ಯಾರ ಪಂಪಿನ ಮನೆಗೂ ಕಾಲಿಡದೆ ತಿಳಿಸಬಲ್ಲ ಸಾಧನ ಇದೊಂದೇ.

ನಕ್ಷೆಯ ಮಿತಿಗಳನ್ನು ಮುಚ್ಚಿಟ್ಟರೆ ಅದರ ಮೇಲಣ ವಿಶ್ವಾಸವೇ ಕೆಡುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಮೋಡ ಮುಸುಕಿದಾಗ ಉಷ್ಣತೆಯನ್ನು ನೋಡುವ ಕಣ್ಣು ಕುರುಡಾಗುತ್ತದೆ. ಒಂದು ಲ್ಯಾಂಡ್‌ಸ್ಯಾಟ್ ಅದೇ ಜಾಗಕ್ಕೆ ಮರಳಿ ಬರಲು 16 ದಿನ, ಈಗಿರುವ ಎರಡೂ ಕೂಡಿದರೆ 8 ದಿನ. ಅಷ್ಟರಲ್ಲಿ ಮೋಡವೊಂದು ಅಡ್ಡಬಂದರೆ ತಿಂಗಳೇ ಬರಿದಾದೀತು. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ ನಿಸಾರ್ ಉಪಗ್ರಹದ ರೇಡಾರು ಮೋಡವನ್ನು ಭೇದಿಸಿ, 12 ದಿನಗಳಿಗೊಮ್ಮೆ ಅದೇ ನೆಲದ ಮೇಲೆ ಹಾದು, ಮಣ್ಣಿನ ತೇವವನ್ನು ಕುರಿತು ಸುಳಿವು ಕೊಡಬಲ್ಲದು. ನೆಲದ ಉಷ್ಣತೆಯನ್ನು ಇನ್ನೂ ಸೂಕ್ಷ್ಮವಾಗಿ, ಇನ್ನೂ ಪದೇ ಪದೇ ಅಳೆಯುವ ಸಲುವಾಗಿ ಇಸ್ರೋ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಗಳು ಕೂಡಿ ತೃಷ್ಣಾ ಎಂಬ ಉಪಗ್ರಹವನ್ನೂ ಸಿದ್ಧಪಡಿಸುತ್ತಿವೆ. ಇವೆಲ್ಲವೂ ಬಂದ ಮೇಲೂ ನೆಲದ ಮೇಲಿನ ಪರೀಕ್ಷೆ ತಪ್ಪದು. ಧಾರವಾಡ, ರಾಯಚೂರುಗಳ ಕೃಷಿ ವಿಶ್ವವಿದ್ಯಾಲಯಗಳು ತಮ್ಮ ಪ್ರಯೋಗಕ್ಷೇತ್ರಗಳಲ್ಲಿ ನಮ್ಮ ಎರೆಭೂಮಿಯ, ನಮ್ಮ ತಳಿಗಳ ಬೆಳೆ ಎಷ್ಟು ನೀರು ಬಿಡುತ್ತದೆಂಬುದನ್ನು ಉಪಕರಣಗಳಿಂದ ನೇರವಾಗಿ ಅಳೆದು, ಆಕಾಶದ ಲೆಕ್ಕವನ್ನು ಅದರೊಡನೆ ಹೋಲಿಸಿ ತಿದ್ದಬೇಕು. ಐಡಹೊದ ಅಂಕಿಯನ್ನು ಸಿಂಧನೂರಿಗೆ ಹಾಗೆಯೇ ಹೊದಿಸಿದರೆ ವಂಚನೆಯಾದೀತು.

ಈ ಕಾರ್ಯಕ್ಕೆ ಹೊಸ ನಿಗಮವಾಗಲಿ, ದೊಡ್ಡ ಟೆಂಡರಾಗಲಿ ಬೇಕಿಲ್ಲ. ಚಿತ್ರಗಳು ಉಚಿತ, ವಿದ್ಯೆ ಬಲ್ಲವರು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿಯೂ ದೂರಸಂವೇದಿ ಕೇಂದ್ರದಲ್ಲಿಯೂ ಇದ್ದಾರೆ. ತುಂಗಭದ್ರಾ ಎಡದಂಡೆಯೊಂದನ್ನೇ ಆರಿಸಿಕೊಂಡು, ಹಿಂದಿನ ಹತ್ತು ವರ್ಷಗಳ ಹಿಂಗಾರು ಬೇಸಗೆಗಳ ಚಿತ್ರಗಳನ್ನು, ಎಂದರೆ ಮೋಡವಿಲ್ಲದ ತಿಂಗಳುಗಳವನ್ನು, ಗಣಿಸಿ, ಒಂದೊಂದು ಉಪಕಾಲುವೆಗೆ ಒಂದೊಂದು ಹಾಳೆಯಂತೆ ಸಿದ್ಧಪಡಿಸುವುದು ಒಂದು ವರ್ಷದೊಳಗೆ ಆಗತಕ್ಕ ಕೆಲಸ. ನೀರು ಬಿಡುವ ದಿನಾಂಕವನ್ನು ನಿರ್ಣಯಿಸಲು ನೀರಾವರಿ ಸಲಹಾ ಸಮಿತಿಯು ಸೇರುತ್ತದೆ. ಸಚಿವರು, ಶಾಸಕರು, ಇಂಜಿನಿಯರರು ಅಲ್ಲಿ ಆಸೀನರಾಗುತ್ತಾರೆ, ಕೊನೆಭಾಗದ ರೈತರು ಬಹುವೇಳೆ ಹೊರಗೆ ಘೋಷಣೆ ಕೂಗುತ್ತಿರುತ್ತಾರೆ. ಆ ಸಭೆಗೆ ಹದಿನೈದು ದಿನ ಮುಂಚೆಯೇ ಈ ಹಾಳೆಗಳು ಸಂಬಂಧಪಟ್ಟ ಪ್ರತಿ ಗ್ರಾಮ ಪಂಚಾಯಿತಿಗೂ ತಲುಪಿರಬೇಕು; ಅವುಗಳಲ್ಲಿನ ಅಂಕಿಯನ್ನು ಪ್ರಶ್ನಿಸಿ, ತಮ್ಮ ಹೊಲದಲ್ಲಿ ಕಂಡದ್ದು ಬೇರೆಯೆಂದು ಲಿಖಿತವಾಗಿ ಹೇಳುವ ಅವಕಾಶ ಊರವರಿಗಿರಬೇಕು; ಆ ಆಕ್ಷೇಪಣೆಗಳೂ ಹಾಳೆಗಳೊಡನೆ ಸಮಿತಿಯ ಮೇಜಿನ ಮೇಲೆ ಬಂದು, ಯಾವ ಉಪಕಾಲುವೆಗೆ ಎಷ್ಟು ದಿನ ನೀರೆಂಬ ನಿರ್ಣಯದ ಜೊತೆಯಲ್ಲೇ ಅದರ ಕಾರಣವೂ ನಡವಳಿಯಲ್ಲಿ ದಾಖಲಾಗಬೇಕು. ಬರುವ ಹಿಂಗಾರಿನ ಸಭೆಗೆ ಇಷ್ಟು ಸಿದ್ಧತೆಯಾದರೂ ಆಗುವಂತೆ ಕೊಪ್ಪಳ, ರಾಯಚೂರು ಜಿಲ್ಲೆಗಳ ಶಾಸಕರು, ಪಕ್ಷಭೇದವಿಲ್ಲದೆ, ಈಗಿನಿಂದಲೇ ಇಲಾಖೆಯನ್ನು ಕೇಳತೊಡಗಲಿ.